ಕಿಟಕಿಯ ಆಚೆ ನಿಂತ ಬಾಯಮ್ಮ

ಬಾಯಮ್ಮನ ಅಂಗೈಗಳು ಸದಾ ತಣ್ಣಗಿರುತ್ತಿದ್ದವು. ಮಂಗಳೂರಿನ ಏಪ್ರಿಲ್ ಸೆಕೆಯಲ್ಲಿ, ಸುಮ್ಮನೆ ಕೂತವರೂ ಬೆವರಿನಲ್ಲಿ ತೊಯ್ಯುವ ದಿನಗಳಲ್ಲೂ, ಆ ಕೈಗಳು ಬಾವಿಯಿಂದ ಆಗಷ್ಟೇ ಮೇಲೆ ಬಂದ ಕೊಡಪಾನದ ಹಾಗೆ. ಬಸುರಿಯ ಹೊಟ್ಟೆ ಮುಟ್ಟಿ ನೋಡುವ ಮೊದಲು ಅವರು ಮನೆಯವರ ಹತ್ತಿರ ಒಂದು ಲೋಟ ಬಿಸಿ ಕಾಫಿ ಕೇಳುತ್ತಿದ್ದರು. ಅದನ್ನು ಎರಡು ಕೈಗಳ ನಡುವೆ ಹಿಡಿದು, ಕಣ್ಣು ಮುಚ್ಚಿ, ಕೈ ಬೆಚ್ಚಗಾಗುವವರೆಗೆ ಕೂತಿರುತ್ತಿದ್ದರು. ಆಮೇಲೆ ಆರಿದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು, ಕೈ ತೊಳೆದು, ಮತ್ತೆ ತಣ್ಣಗಾಯಿತೆಂದು ತಮ್ಮನ್ನೇ ಬೈದುಕೊಳ್ಳುತ್ತಿದ್ದರು. ಮಣ್ಣಗುಡ್ಡದ ನಮ್ಮ ಮನೆಯಲ್ಲಿ ಅವರಿಗೆಂದೇ ಒಂದು ಹಿತ್ತಾಳೆಯ ಲೋಟ ಜಗಲಿಯ ಗೂಡಿನಲ್ಲಿ ಬೇರೆಯಾಗಿ ಇರುತ್ತಿತ್ತು. ನನ್ನ ಮಾವ ದೇವಸ್ಥಾನದಲ್ಲಿ ಪೂಜೆ ಮಾಡುತ್ತಿದ್ದವರು. ಅವರು ತೀರಿಕೊಂಡ ಮೇಲೆ ಅತ್ತೆಯ ಮಡಿ ಇನ್ನಷ್ಟು ಗಟ್ಟಿಯಾಗಿತ್ತು. ಬೇರೆ ಲೋಟದ ವಿಷಯ ಬಾಯಮ್ಮನಿಗೂ ಗೊತ್ತಿತ್ತು. ಬಂದವರೇ ಗೂಡಿಗೆ ಕೈ ಹಾಕಿ ಲೋಟವನ್ನು ತಾವೇ ತೆಗೆದು ಕೊಡುತ್ತಿದ್ದರು.

ಅವರಿಗೆ ಒಂದು ಹೆಸರಿತ್ತು. ಆದರೆ ಕ್ರಿಶ್ಚಿಯನ್ ಹೆಂಗಸರನ್ನು ನಾವು ತುಳುವರು ಬಾಯಮ್ಮ ಎಂದೇ ಕರೆಯುವುದು. ನಮ್ಮ ಬೀದಿಯ ಮಟ್ಟಿಗೆ ಬಾಯಮ್ಮ ಎಂದರೆ ಒಬ್ಬರೇ. ಫಳ್ನೀರಿನ ಒಂದು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಅವರು ಹಿರಿಯ ನರ್ಸ್. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಮಕ್ಕಳಿಲ್ಲದೆ, ಆಸ್ಪತ್ರೆಯ ಹಿಂದಿನ ಓಣಿಯಲ್ಲಿ ಒಂದು ಹಂಚಿನ ಮನೆಯಲ್ಲಿದ್ದರು. ಮನೆಯಲ್ಲಿ ಕೊಂಕಣಿ, ಡಾಕ್ಟರ ಜೊತೆ ಇಂಗ್ಲಿಷ್, ನಮ್ಮೆಲ್ಲರ ಜೊತೆ ತುಳು. ನಾನು ಶಾಲೆಯಲ್ಲಿ ಕನ್ನಡ ಕಲಿಸುತ್ತೇನೆಂದು ಗೊತ್ತಾದ ಮೇಲೆ ನನ್ನ ಜೊತೆ ಮಾತ್ರ ಹಟ ಹಿಡಿದು ಕನ್ನಡ.

"ತಪ್ಪಿದರೆ ತಿದ್ದಬೇಕು ಟೀಚರೇ," ಎನ್ನುತ್ತಿದ್ದರು. ತಿದ್ದಿದರೆ ಮುಖ ಊದಿಸುತ್ತಿದ್ದರು.

ಯಾರನ್ನು ಕಂಡರೂ ಅವರು ಕೇಳುವ ಪ್ರಶ್ನೆ ಮೂರೇ. ನೀರು ಕುಡಿದ್ರಾ? ನಿದ್ದೆ ಬಂತಾ? ಹೊಟ್ಟೆ ಸರಿ ಉಂಟಾ? ಒಮ್ಮೆ ರಸ್ತೆಯಲ್ಲಿ ಸಿಕ್ಕಿದ ನನ್ನ ಯಜಮಾನರನ್ನೂ, ಅವರ ಕಚೇರಿಯ ಸಾಹೇಬರ ಎದುರಿನಲ್ಲೇ, ಹೀಗೆ ಕೇಳಿ ಕಂಗಾಲು ಮಾಡಿದ್ದರು. ನನ್ನ ಚೊಚ್ಚಲ ಹೆರಿಗೆಯ ಹೊತ್ತಿಗೆ ನಾನು ಭಯದಿಂದ ಅವರ ಸೆರಗು ಹಿಡಿದು ಬಿಡದೇ ಇದ್ದಾಗ ಅವರು ಹೇಳಿದ ಮಾತು ಈಗಲೂ ಕಿವಿಯಲ್ಲಿದೆ. "ಹೆದರುವ ಕೆಲಸ ನನಗೆ ಬಿಡಿ ಟೀಚರೇ. ನೀವು ಹೆರುವ ಕೆಲಸ ನೋಡಿಕೊಳ್ಳಿ."

ಹೆಣ್ಣು ಮಗು ಹುಟ್ಟಿತು. ಐವತ್ತರ ದಶಕ ಮುಗಿಯುತ್ತಾ ಬಂದ ಕಾಲ ಅದು. ಕೆಲವು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದೆವು. ಮಗುವಿನ ಕತ್ತಿನ ಮಡಿಕೆಯಲ್ಲಿ ಸಣ್ಣ ಸಣ್ಣ ಕೀವಿನ ಗುಳ್ಳೆಗಳೆದ್ದವು. ಸೆಕೆಗೆ ಎಂದುಕೊಂಡು ಅತ್ತೆ ತೆಂಗಿನೆಣ್ಣೆ ಹಚ್ಚಿದರು. ಗುಳ್ಳೆಗಳು ಒಣಗಿದವು. ಅಷ್ಟರಲ್ಲಿ ನನ್ನ ಎಡ ಎದೆ ಕಲ್ಲಿನ ಹಾಗಾಯಿತು. ಒಂದು ಮಧ್ಯಾಹ್ನ ಮಗುವಿಗೆ ಹಾಲು ಕೊಡಲು ಕೂತವಳಿಗೆ ಚಳಿ ಹಿಡಿದು ಹಲ್ಲು ಕಟಕಟಿಸತೊಡಗಿತು. ಮಗುವನ್ನು ಕೈಯಿಂದ ಬೀಳಿಸುತ್ತೇನೋ ಎಂದು ನಾನು ಕೂಗಿದೆ. ಅತ್ತೆ ಓಡಿ ಬಂದು ಮಗುವನ್ನು ಎತ್ತಿಕೊಂಡರು. ನನ್ನ ಹಣೆ ಮುಟ್ಟಿದರು.

ಬಾಣಂತಿ ಹೊಸಿಲು ದಾಟಬಾರದು ಎನ್ನುವ ಮನೆ ಅದು. ಅತ್ತೆ ಆ ದಿನ ಯಾರನ್ನೂ ಕೇಳಲಿಲ್ಲ. ಮಗ ಕಚೇರಿಯಿಂದ ಬರಲಿ ಎಂದು ಕಾಯಲೂ ಇಲ್ಲ. ಪಕ್ಕದ ಮನೆಯವರನ್ನು ಕಳಿಸಿ ಬಾಡಿಗೆ ಕಾರು ತರಿಸಿದರು. ಸಂಜೆಯ ದೀಪ ಹಚ್ಚುವ ಮೊದಲೇ ನಾವು ಫಳ್ನೀರಿನಲ್ಲಿದ್ದೆವು.

ಆಸ್ಪತ್ರೆಯಲ್ಲಿ ಪೆನಿಸಿಲಿನ್ ಶುರು ಮಾಡಿದರು. ಆಗೆಲ್ಲ ಪೆನಿಸಿಲಿನ್ ಎಂದರೆ ಅಮೃತ. ಸೂಜಿ ಚುಚ್ಚಿಸಿಕೊಂಡವರು ಎದ್ದು ಕೂತ ಕತೆ ಪ್ರತಿ ಮನೆಯಲ್ಲೂ ಇತ್ತು. ನಾನೂ ಎದ್ದು ಕೂರುತ್ತೇನೆಂದು ಎಲ್ಲರೂ ಕಾದರು. ಜ್ವರ ಇಳಿಯಲಿಲ್ಲ. ಸೂಜಿ ಹೆಚ್ಚಿಸಿದರು, ಅದರ ಜೊತೆ ಇನ್ನೊಂದು ಔಷಧಿ ಸೇರಿಸಿದರು. ಜ್ವರ ಏರಿತು. ಮೂರನೆಯ ದಿನವೋ ನಾಲ್ಕನೆಯ ದಿನವೋ ನನಗೆ ಹೊತ್ತಿನ ಲೆಕ್ಕ ತಪ್ಪಿತು. ಮಾತು ಅಡ್ಡಾದಿಡ್ಡಿಯಾಗಿತ್ತಂತೆ. ತರಗತಿಯಲ್ಲಿ ಇದ್ದೇನೆಂದುಕೊಂಡು ಮಕ್ಕಳಿಗೆ ಒತ್ತಕ್ಷರ ಹೇಳಿಕೊಡುತ್ತಿದ್ದೆನಂತೆ.

ಹೆರಿಗೆ ವಾರ್ಡಿನ ಡಾಕ್ಟರಮ್ಮನದು ಮಾತು ಕಡಿಮೆ. ಮದ್ರಾಸಿನಲ್ಲಿ ಓದಿ ಬಂದವರು. ಎದೆಯ ಬಾವನ್ನು ಕೊಯ್ದು ಕೀವು ತೆಗೆದು, ಅದರಲ್ಲಿ ಸ್ವಲ್ಪವನ್ನು ಪರೀಕ್ಷೆಗೆ ಕಳಿಸಿದರು. ಫಲ ಬಂದ ದಿನ ಅವರು ಅತ್ತೆಗೂ ನನ್ನ ಯಜಮಾನರಿಗೂ ವರಾಂಡದಲ್ಲಿ ನಿಂತು ಹೇಳಿದ್ದನ್ನು ಅತ್ತೆ ಸಾಯುವವರೆಗೂ ಮರೆತಿರಲಿಲ್ಲ.

"ಇದು ಪೆನಿಸಿಲಿನ್‌ಗೆ ಹೆದರುವ ಕ್ರಿಮಿ ಅಲ್ಲ. ಅದರ ಜೊತೆಯಲ್ಲೇ ಬೆಳೆದು ಅಭ್ಯಾಸ ಆಗಿದೆ. ಇಲ್ಲಿ ನಮ್ಮ ಹತ್ತಿರ ಇರುವ ಯಾವ ಔಷಧಿಯೂ ಇದಕ್ಕೆ ತಾಗುವುದಿಲ್ಲ. ಒಂದು ಹೊಸ ಔಷಧಿ ಉಂಟು. ಅದು ಮಂಗಳೂರಿನಲ್ಲಿ ಇಲ್ಲ."

ಆ ಮಾತನ್ನು ಬಾಗಿಲ ಬಳಿ ನಿಂತು ಕೇಳಿದ ಬಾಯಮ್ಮ ಸೀದಾ ಆಸ್ಪತ್ರೆಯ ಆಫೀಸಿಗೆ ಹೋಗಿ ಬೊಂಬಾಯಿಗೆ ಟ್ರಂಕ್ ಕಾಲ್ ಬುಕ್ ಮಾಡಿದರು. ಅವರ ತಮ್ಮ ಅಲ್ಲಿ ಒಂದು ಔಷಧಿ ಅಂಗಡಿಯಲ್ಲಿದ್ದರು. ಲೈನು ಸಿಗುವಾಗ ಅರ್ಧ ದಿನ ಕಳೆದಿತ್ತು. ಸಿಕ್ಕಿದರೂ ಒಂದು ಮಾತು ಕೇಳಿದರೆ ಹತ್ತು ಮಾತು ಗಾಳಿಗೆ. ಔಷಧಿಯ ಹೆಸರು ತಮ್ಮನಿಗೆ ಅರ್ಥವಾಗಲೇ ಇಲ್ಲ. ಕೊನೆಗೆ ಬಾಯಮ್ಮ ಒಂದೊಂದು ಇಂಗ್ಲಿಷ್ ಅಕ್ಷರಕ್ಕೂ ತಮ್ಮ ಬಳಗದ ಒಬ್ಬೊಬ್ಬರ ಹೆಸರು ಹೇಳಿ ಕೂಗಿದರಂತೆ. ದೊಡ್ಡಪ್ಪ, ಸೋದರತ್ತೆ, ಕಾಲು ಮುರಿದ ಮಾವ, ಎಲ್ಲರೂ ಆ ಹೆಸರಿನೊಳಗೆ ಸಾಲಾಗಿ ಬಂದರು. ಆಫೀಸಿನವರೆಲ್ಲ ನಗುತ್ತಿದ್ದರಂತೆ. ಬಾಯಮ್ಮನ ಕಣ್ಣಿನಲ್ಲಿ ನೀರಿತ್ತಂತೆ. ಇದನ್ನೆಲ್ಲ ನನಗೆ ಹೇಳಿದವರು ನನ್ನ ಯಜಮಾನರು. ವಿಮಾನದಲ್ಲಿ ಬಂದ ಆ ಪೊಟ್ಟಣವನ್ನು ಬಜ್ಪೆಗೆ ಹೋಗಿ ಎದೆಗೆ ಅವಚಿಕೊಂಡು ತಂದವರೂ ಅವರೇ.

ಔಷಧಿ ಬರುವಷ್ಟರಲ್ಲಿ ನನ್ನ ಪಕ್ಕದ ಮಂಚಕ್ಕೆ ಒಬ್ಬಳು ಬಂದಿದ್ದಳು. ಬೆಂಗ್ರೆಯವಳು, ಮೀನುಗಾರರ ಮನೆಯ ಹುಡುಗಿ. ನಾನು ಹೆತ್ತ ವಾರದಲ್ಲೇ ಅವಳೂ ಅದೇ ವಾರ್ಡಿನಲ್ಲಿ ಹೆತ್ತಿದ್ದಳು. ಮಗು ಅಡ್ಡ ಬಿದ್ದಿದೆಯೆಂದು ದೋಣಿಯಲ್ಲಿ ಹೊಳೆ ದಾಟಿಸಿ ಕರೆತಂದಿದ್ದರು. ಅವಳ ಎದೆಗೂ ಅದೇ ಬಾವು, ಅದೇ ಜ್ವರ. ಆದರೆ ಈಗ ಜ್ವರ ಎದೆಯಲ್ಲಿ ನಿಲ್ಲದೆ ಉಸಿರಿಗೆ ಇಳಿದಿತ್ತು. ನನಗೆ ಎಚ್ಚರವಿದ್ದ ಒಂದು ಮಧ್ಯಾಹ್ನ ಅವಳು ನನ್ನ ಕಡೆ ತಿರುಗಿ, ಒಂದೊಂದೇ ಶಬ್ದವನ್ನು ಉಸಿರಿನ ನಡುವೆ ತುರುಕಿ, "ಅಕ್ಕಾ, ನಿಮ್ಮ ಮಗುವಿಗೆ ಈಗ ಹಾಲು ಯಾರು ಕೊಡ್ತಾರೆ?" ಎಂದು ತುಳುವಿನಲ್ಲಿ ಕೇಳಿದಳು.

"ಅತ್ತೆ ದನದ ಹಾಲು ಕಾಯಿಸಿ ಕೊಡ್ತಾರೆ," ಎಂದೆ.

"ಕುಡಿಯುತ್ತದಾ?"

"ಕುಡಿಯುತ್ತದಂತೆ."

"ಹಾಗಾದರೆ ನನ್ನದೂ ಕುಡಿಯಬಹುದು," ಎಂದು ಕಣ್ಣು ಮುಚ್ಚಿದಳು.

ಬೊಂಬಾಯಿಯಿಂದ ಬಂದ ಗುಳಿಗೆಗಳನ್ನು ಡಾಕ್ಟರಮ್ಮ ಒಂದೇ ಬಾಟಲಿಯಿಂದ ನಮ್ಮಿಬ್ಬರಿಗೂ ಕೊಟ್ಟರು. ನನ್ನ ಯಜಮಾನರನ್ನು ಕೇಳಿಯೇ ಕೊಟ್ಟರು. ಇವರು "ಕೊಡಿ ಡಾಕ್ಟರೇ, ಅದನ್ನು ಕೇಳುವುದುಂಟಾ?" ಎಂದರಂತೆ. ತಮ್ಮನಿಂದ ಇನ್ನಷ್ಟು ತರಿಸುವ ಜವಾಬ್ದಾರಿ ಬಾಯಮ್ಮನದಾಯಿತು. ಅವರು ಡ್ಯೂಟಿ ಮುಗಿದ ಮೇಲೂ ನಮ್ಮಿಬ್ಬರ ಮಂಚಗಳ ನಡುವೆ ಸ್ಟೂಲು ಹಾಕಿ ಕೂರುತ್ತಿದ್ದರು. ಚಮಚದಲ್ಲಿ ನೀರು, ಚಮಚದಲ್ಲಿ ಗಂಜಿತಿಳಿ. ನನಗೊಂದು, ಅವಳಿಗೊಂದು.

ನನ್ನ ಜ್ವರ ಇಳಿಯತೊಡಗಿತು. ಅವಳದು ಇಳಿಯಲಿಲ್ಲ. ಒಂದು ಬೆಳಗ್ಗೆ ನಾನು ಎದ್ದಾಗ ಪಕ್ಕದ ಮಂಚದ ಹಾಸಿಗೆಯನ್ನು ಮಡಚಿ ಬಿಸಿಲಿಗೆ ಒಯ್ದಿದ್ದರು. ಬಾಯಮ್ಮ ಮಂಚದ ಕಬ್ಬಿಣವನ್ನು ಔಷಧಿಯ ನೀರಿನಲ್ಲಿ ಒರೆಸುತ್ತಿದ್ದರು.

ಅದಾದ ಮೇಲೆ ಬಾಯಮ್ಮ ಬರುವುದು ನಿಂತಿತು. ಬೇರೆ ನರ್ಸುಗಳು ಬಂದರು. ಕೇಳಿದರೆ "ರಜೆ" ಎಂದರು. ನಿಜ ಏನೆಂದರೆ, ಒಂದೇ ವಾರದಲ್ಲಿ ಹೆತ್ತ ಇಬ್ಬರಿಗೂ ಒಂದೇ ಕ್ರಿಮಿ ತಗಲಿದ್ದು ನೋಡಿ ಡಾಕ್ಟರಮ್ಮನಿಗೆ ಸಂಶಯ ಬಂದಿತ್ತು. ವಾರ್ಡಿನಲ್ಲಿ ಕೆಲಸ ಮಾಡುವ ಎಲ್ಲರ ಮೂಗಿನೊಳಗಿನಿಂದ ಹತ್ತಿಯ ಕಡ್ಡಿಯಲ್ಲಿ ಒರೆಸಿ ಪರೀಕ್ಷೆಗೆ ಕಳಿಸಿದ್ದರು. ತಮ್ಮ ಮೂಗನ್ನೂ ಬಿಟ್ಟಿರಲಿಲ್ಲ. ಅದೇ ಕ್ರಿಮಿ ಸಿಕ್ಕಿದ್ದು ಬಾಯಮ್ಮನ ಮೂಗಿನಲ್ಲಿ. ಅವರಿಗೆ ನೆಗಡಿ ಕೂಡ ಇರಲಿಲ್ಲ. ಕ್ರಿಮಿ ಅವರಿಗೆ ಏನೂ ಮಾಡದೆ ಸುಮ್ಮನೆ ಅಲ್ಲಿ ಕೂತಿತ್ತು. ಅವರಿಂದ ಮಗುವಿಗೆ, ಮಗುವಿನಿಂದ ತಾಯಿಯ ಎದೆಗೆ.

ಇದನ್ನು ನಮಗೆ ಹೇಳಲೇಬೇಕೆಂಬ ನಿಯಮ ಯಾರಿಗೂ ಇರಲಿಲ್ಲ. ಹೇಳುವುದು ಬೇಡ ಎಂದು ಡಾಕ್ಟರಮ್ಮನೇ ಹೇಳಿದ್ದರಂತೆ. ನಾನು ಎದ್ದು ಕೂರುವಷ್ಟು ಚೇತರಿಸಿಕೊಂಡ ಒಂದು ಸಂಜೆ, ನನ್ನ ಮಂಚದ ಪಕ್ಕದ ಕಿಟಕಿಯ ಹೊರಗೆ, ಹಿತ್ತಲಿನ ಕಡೆಯಿಂದ ಬಾಯಮ್ಮ ಬಂದು ನಿಂತರು. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡಿದ್ದರು. ಕಿಟಕಿಯಿಂದ ದೂರವೇ ನಿಂತಿದ್ದರು. ಪಡುವಣ ಬಿಸಿಲು ನೇರ ಅವರ ಕಣ್ಣಿಗೆ ಬೀಳುತ್ತಿತ್ತು, ಆದರೂ ಪಕ್ಕಕ್ಕೆ ಸರಿಯಲಿಲ್ಲ. ಅತ್ತೆ ನನ್ನ ತಲೆ ಬಾಚುತ್ತಿದ್ದರು.

"ಟೀಚರೇ, ನಾನು ಒಳಗೆ ಬರುವ ಹಾಗಿಲ್ಲ," ಎಂದರು. "ನಿಮಗೆ ಈ ಕಾಯಿಲೆ ಬಂದದ್ದು ನನ್ನಿಂದ. ನನ್ನ ಮೂಗಿನಲ್ಲಿ ಉಂಟಂತೆ ಆ ಕ್ರಿಮಿ. ನನಗೆ ಗೊತ್ತಿರಲಿಲ್ಲ. ಈಗ ಗೊತ್ತಾಯಿತು. ನಿಮಗೂ ಗೊತ್ತಿರಬೇಕು ಅಂತ ಬಂದೆ."

ಅತ್ತೆ ಬಾಚಣಿಗೆಯನ್ನು ನನ್ನ ಕೂದಲಿನಲ್ಲೇ ಬಿಟ್ಟು ಎದ್ದು ನಿಂತರು.

"ಇಷ್ಟು ವರ್ಷ ಕೈ ತೊಳೆಯಿರಿ ಕೈ ತೊಳೆಯಿರಿ ಅಂತ ನಮಗೆ ಹೇಳಿದ್ದು ಎಂತಕ್ಕೆ ನೀವು? ಹೆತ್ತ ಹುಡುಗಿ ಸತ್ತೇ ಹೋಗ್ತಿದ್ದಳು. ಆಚೆಯವಳು ಸತ್ತಳು. ಇನ್ನು ನಮ್ಮ ಮನೆಯ ಮೆಟ್ಟಿಲು ಹತ್ತಬೇಡಿ ನೀವು."

ಬಾಯಮ್ಮ ತಲೆಯಾಡಿಸಿದರು. "ಆಯ್ತಮ್ಮಾ," ಎಂದರು. ತಿರುಗಿ ನಡೆದರು.

ಅವರು ಎಂದಿನ ಹಾಗೆ ಬೀಸುಗಾಲು ಹಾಕಲಿಲ್ಲ ಎಂಬುದಷ್ಟೇ ನನಗೆ ಆಗ ಕಂಡದ್ದು. ಸಿಟ್ಟು ನನಗೂ ಬಂತು, ಸ್ವಲ್ಪ ತಡವಾಗಿ ಬಂತು. ಎದೆಯ ಗಾಯದ ಕಲೆಯನ್ನು ನೋಡಿದಾಗಲೆಲ್ಲ, ಮಗು ಎದೆ ಹುಡುಕಿ ಹುಡುಕಿ ಅತ್ತಾಗಲೆಲ್ಲ ಬಂತು. ಸಿಟ್ಟು ಯಾರ ಮೇಲೆ ಎಂದು ಕೇಳಿದರೆ ಹೇಳಲು ಆಗುತ್ತಿರಲಿಲ್ಲ. ಬಾಯಮ್ಮನ ಮುಖ ನೆನಪಾದರೆ ಅದು ಅವರ ಮೇಲೆ ನಿಲ್ಲುತ್ತಿರಲಿಲ್ಲ.

ಅವರು ಆ ಮಾತನ್ನು ನಮಗೆ ಮಾತ್ರ ಹೇಳಿರಲಿಲ್ಲ. ಬಂದರಿನಿಂದ ದೋಣಿ ಹತ್ತಿ ಬೆಂಗ್ರೆಗೂ ಹೋಗಿದ್ದರು. ಆ ಹುಡುಗಿಯ ಗಂಡ ಮನೆಯ ಮುಂದೆ ಬಲೆ ಹೆಣೆಯುತ್ತಾ ಕೂತಿದ್ದನಂತೆ. ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದನಂತೆ. "ಮಗುವಿಗೆ ಬರುತ್ತದಾ ಅದು?" ನೋಡುತ್ತಾ ಇರಬೇಕು ಎಂದರು ಬಾಯಮ್ಮ. ನೋಡುವುದಕ್ಕೆ ಅವರೇ ಹೋದರು. ಮೂಗಿನ ಪರೀಕ್ಷೆಯಲ್ಲಿ ಕ್ರಿಮಿ ಇಲ್ಲವೆಂದು ಬರುವವರೆಗೆ ಅಂಗಳದಲ್ಲೇ ನಿಂತು, ಆಮೇಲೆ ಒಳಗೆ ಹೋಗಿ, ಪ್ರತಿ ಭಾನುವಾರ ಇಗರ್ಜಿಯಿಂದ ಸೀದಾ ದೋಣಿಗೆ. ಹಾಲಿನ ಪುಡಿ ಹೇಗೆ ಕಲಸುವುದೆಂದು ಆ ಮಗುವಿನ ಸೋದರತ್ತೆಗೆ ಕಲಿಸಿದವರು ಅವರೇ. ಮಗು ಬದುಕಿತು. ಈ ಸಂಗತಿಯನ್ನು ನನಗೆ ಹೇಳಿದವಳು ಆ ಕಡೆಯಿಂದ ನಮ್ಮ ಬೀದಿಗೆ ಮೀನು ಹೊತ್ತು ಬರುತ್ತಿದ್ದ ಹೆಂಗಸು.

ಮೂಗಿಗೆ ಹಚ್ಚುವ ಮುಲಾಮಿನಿಂದ ಬಾಯಮ್ಮನ ಕ್ರಿಮಿ ಕೆಲವು ತಿಂಗಳಲ್ಲಿ ಹೋಯಿತು. ಡಾಕ್ಟರಮ್ಮ ಮತ್ತೆ ಹೆರಿಗೆ ಕೋಣೆಗೆ ಕರೆದರು. ಅವರು ಹೋಗಲಿಲ್ಲ. ಹೊಸದಾಗಿ ಸೇರಿದ ನರ್ಸ್ ಹುಡುಗಿಯರಿಗೆ ಕೆಲಸ ಕಲಿಸುತ್ತೇನೆ ಎಂದರು. ಅವರ ಕೈಕೆಳಗೆ ಕಲಿತವರಲ್ಲಿ ಒಬ್ಬಳು ಆಮೇಲೆ ನಮ್ಮ ಶಾಲೆಯ ಮಕ್ಕಳಿಗೆ ಚುಚ್ಚುಮದ್ದು ಹಾಕಲು ಬಂದಿದ್ದಳು. "ಕೈ ತೊಳೆದು ತೋರಿಸಿದರೆ ಮೂಸಿ ನೋಡ್ತಿದ್ದರು ಮಾರಾಯ್ರೇ," ಎಂದು ನಕ್ಕಳು. "ಶೀತ ಆದವಳನ್ನು ಮಕ್ಕಳ ಹತ್ತಿರ ಬಿಡ್ತಿರಲಿಲ್ಲ. ಮನೆಗೆ ಓಡಿಸ್ತಿದ್ದರು." ರಸ್ತೆಯಲ್ಲಿ ನಾವು ಎದುರಾದರೆ ಬಾಯಮ್ಮ ಆಚೆ ಬದಿಗೆ ದಾಟುತ್ತಿದ್ದರು. ಅಲ್ಲಿಂದ ನನ್ನ ಮಗಳನ್ನು ನೋಡಿ ನಗುತ್ತಿದ್ದರು.

ಅರವತ್ತರ ದಶಕ ಶುರುವಾದ ಮೇಲೆ ನಾನು ಮತ್ತೆ ಬಸುರಿಯಾದೆ. ಸಂತೋಷಕ್ಕಿಂತ ಮೊದಲು ಬಂದದ್ದು ಹೆದರಿಕೆ. ಅನ್ನ ಸೇರುತ್ತಿರಲಿಲ್ಲ. ಏಳನೆಯ ತಿಂಗಳಿನಲ್ಲಿ ಒಂದು ದಿನ ಅತ್ತೆಯ ಮುಂದೆ ಬಾಯಿ ಬಿಟ್ಟೆ. "ಬಾಯಮ್ಮ ಬಂದರೆ ಹೆರುತ್ತೇನೆ. ಬೇರೆ ಯಾರ ಕೈಯಲ್ಲೂ ನನಗೆ ಆಗುವುದಿಲ್ಲ."

ಅತ್ತೆ ನೀರು ಬಿಟ್ಟ ಕುಚ್ಚಲಕ್ಕಿಯನ್ನು ಗಾಳಿಸುತ್ತಲೇ ಇದ್ದರು. ಮರುದಿನ ಮಧ್ಯಾಹ್ನ ಊಟ ಮುಗಿಸಿ, "ಎದ್ದೇಳು, ಹೋಗುವ," ಎಂದರು. ಎಲ್ಲಿಗೆ ಎಂದು ಜಟಕಾ ಫಳ್ನೀರಿನ ಓಣಿಯಲ್ಲಿ ನಿಂತಾಗಲೇ ನನಗೆ ತಿಳಿದದ್ದು.

ಬಾಯಮ್ಮನ ಅಂಗಳದಲ್ಲಿ ಅಬ್ಬಲಿಗೆ ಕೆಂಪಗೆ ಬಿಟ್ಟಿತ್ತು. ನಮ್ಮನ್ನು ಕಂಡು ಅವರು ಕೈಯಲ್ಲಿದ್ದ ಬುಟ್ಟಿಯನ್ನು ಎಲ್ಲಿ ಇಡುವುದೆಂದು ತಿಳಿಯದೆ ನಿಂತರು. ಅತ್ತೆ ಕೆಂಪು ಸೀರೆಯ ಮಡಿ ಹೆಂಗಸು, ಬೋಳಿಸಿದ ತಲೆಯ ಮೇಲೆ ಸೆರಗು. ಅಂಥವರು ಆ ಓಣಿಗೆ ಕಾಲಿಟ್ಟದ್ದನ್ನು ನೋಡಲು ಅಕ್ಕಪಕ್ಕದ ಬಾಗಿಲುಗಳಲ್ಲಿ ಮುಖಗಳು ಕಾಣಿಸಿಕೊಂಡವು. ಅತ್ತೆ ಮೆಟ್ಟಿಲು ಹತ್ತಿ, ಒಳಗೆ ಹೋಗಿ, ಮರದ ಬೆಂಚಿನ ಮೇಲೆ ಕೂತರು.

"ಬಾಯಮ್ಮ, ಇವಳ ಹೆರಿಗೆ ನೀವೇ ಮಾಡಿಸಬೇಕು."

"ಅದು ಆಗುವುದಿಲ್ಲ ಅಮ್ಮಾ. ನಾನು ಬಿಟ್ಟಿದ್ದೇನೆ."

"ಯಾಕೆ ಬಿಟ್ಟದ್ದು?"

"ನಿಮಗೆ ಗೊತ್ತುಂಟಲ್ಲ."

"ನಿಮ್ಮ ಮೂಗಿನಲ್ಲಿ ಎಂತ ಉಂಟು ಅಂತ ನೀವು ನೋಡಿಸಿದ್ದೀರಿ," ಎಂದರು ಅತ್ತೆ. "ಉಳಿದವರ ಮೂಗನ್ನು ಆ ಒಂದು ಸಲದ ಮೇಲೆ ಯಾರು ನೋಡಿದ್ದಾರೆ? ನೋಡಿಸಿದವರ ಕೈಗೇ ನಾನು ಇವಳನ್ನು ಕೊಡುವುದು. ನೀವು ಅವತ್ತು ಬಂದು ಹೇಳದೇ ಇದ್ದರೆ ನಮಗೆ ಗೊತ್ತೇ ಆಗ್ತಿರಲಿಲ್ಲ. ನಾನು ಬೈದೆ. ಬೈದದ್ದು ಹೆದರಿಕೆಗೆ. ಅದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ."

ಬಾಯಮ್ಮ ಕೈಯಲ್ಲಿದ್ದ ಬುಟ್ಟಿಯನ್ನು ನೆಲದ ಮೇಲೆ ಇಟ್ಟರು.

"ಬಾಯಾರಿಕೆ ಆಗ್ತದೆ," ಎಂದರು ಅತ್ತೆ. "ಕಾಫಿ ಉಂಟಾ?"

ನಾನು ಅತ್ತೆಯನ್ನೇ ನೋಡಿದೆ. ಬಾಯಮ್ಮನೂ ನೋಡಿದರು. "ನಮ್ಮ ಮನೆಯ ಲೋಟದಲ್ಲಾ ಅಮ್ಮಾ?"

"ತೊಳೆದಿದ್ದೀರಲ್ಲ? ನಿಮ್ಮಷ್ಟು ತೊಳೆಯುವವರು ಈ ಊರಿನಲ್ಲಿ ಯಾರಿದ್ದಾರೆ?"

ಬಾಯಮ್ಮ ಒಳಗೆ ಹೋದರು. ಕಾಫಿ ಬರಲು ತುಂಬ ಹೊತ್ತಾಯಿತು. ಬಂದಾಗ ಅವರ ಕಣ್ಣು ಕೆಂಪಾಗಿತ್ತು. ಅತ್ತೆ ಲೋಟ ಎತ್ತಿ ಕುಡಿದರು. "ಸಕ್ಕರೆ ಜಾಸ್ತಿಯಾಯಿತು," ಎಂದರು. ಬಾಯಮ್ಮ ನಕ್ಕುಬಿಟ್ಟರು. ಮನೆಗೆ ಬಂದ ಮೇಲೆ ಅತ್ತೆ ಬಾವಿಕಟ್ಟೆಗೆ ಹೋಗಿ ತಲೆಗೆ ನೀರು ಸುರಿದುಕೊಂಡದ್ದು ನಿಜ. ಅದನ್ನೂ ಹೇಳಬೇಕು. ಆದರೆ ಜಗಲಿಯ ಗೂಡಿನಲ್ಲಿದ್ದ ಹಿತ್ತಾಳೆ ಲೋಟ ಆ ದಿನವೇ ಅಡುಗೆಮನೆಗೆ ಬಂತು.

ಹೆರಿಗೆಯ ತಿಂಗಳಿನಲ್ಲಿ ಬಾಯಮ್ಮ ತಾವಾಗಿಯೇ ಮತ್ತೆ ಮೂಗು ಪರೀಕ್ಷೆ ಮಾಡಿಸಿಕೊಂಡು ಬಂದರು. ಬಾಯಿಗೆ ಬಟ್ಟೆ ಕಟ್ಟಿಕೊಂಡೇ ನನ್ನ ಮಗನನ್ನು ಹೊರಗೆ ತಂದರು. ಬಟ್ಟೆಯ ಮೇಲೆ ಕಾಣುತ್ತಿದ್ದ ಕಣ್ಣುಗಳಲ್ಲಿ ನಗು ಇತ್ತೋ ಅಳು ಇತ್ತೋ ಹೇಳುವುದು ಕಷ್ಟ. ನನಗೆ ಜ್ವರ ಬರಲಿಲ್ಲ. ಮಗ ಎರಡು ವರ್ಷ ಎದೆಹಾಲು ಕುಡಿದ.

ಅರವತ್ತರ ದಶಕದ ಕೊನೆಗೆ ಅವರ ಹೃದಯ ಸೋತಿತು. ಕಾಲುಗಳಲ್ಲಿ ನೀರು ತುಂಬಿಕೊಂಡಿತು. ಅದೇ ಆಸ್ಪತ್ರೆಯಲ್ಲಿ, ಅವರೇ ಕಲಿಸಿದ ಹುಡುಗಿಯರ ಆರೈಕೆಯಲ್ಲಿ ಮಲಗಿದ್ದರು. ಶಾಲೆ ಬಿಟ್ಟ ಮೇಲೆ ನಾನು ದಿನಾ ಹೋಗುತ್ತಿದ್ದೆ. ಒಂದು ದಿನ, ಇಷ್ಟು ವರ್ಷ ಕೇಳಲಾಗದೇ ಇದ್ದದ್ದನ್ನು ಕೇಳಿದೆ.

"ಬಾಯಮ್ಮ, ನಮಗಿಬ್ಬರಿಗೂ ಒಂದೇ ಕ್ರಿಮಿ, ಒಂದೇ ಬಾಟಲಿಯ ಔಷಧಿ. ನಾನು ಉಳಿದೆ. ಅವಳು ಯಾಕೆ ಉಳಿಯಲಿಲ್ಲ?"

ದೇವರ ಇಚ್ಛೆ ಎನ್ನಬಹುದು ಎಂದುಕೊಂಡಿದ್ದೆ. ಅವರು ದಿನಾ ಜಪಮಾಲೆ ಹಿಡಿಯುವವರು. ಆದರೆ ಅವರು ತುಸು ಯೋಚಿಸಿ, ಉಸಿರು ಕೂಡಿಸಿಕೊಂಡು ಹೇಳಿದರು.

"ಔಷಧಿ ಅರ್ಧ ಟೀಚರೇ. ನಿಮಗೆ ಚಳಿ ಬಂದ ದಿನ ಸಂಜೆ ನೀವು ಇಲ್ಲಿದ್ದಿರಿ. ಅವಳು ಬರುವಾಗ ವಾರ ಕಳೆದಿತ್ತು. ಗಂಡ ಸಮುದ್ರಕ್ಕೆ ಹೋಗಿದ್ದ. ನಾದಿನಿ ಆಗ ಬೇರೆ ಊರಲ್ಲಿದ್ದಳು. ಮನೆಯಲ್ಲಿ ಅವಳೂ ಮಗುವೂ, ಇಬ್ಬರೇ. ಮೊದಲೇ ಮೈಯಲ್ಲಿ ರಕ್ತ ಇರಲಿಲ್ಲ ಅವಳಿಗೆ. ಜ್ವರ ಬಂದದ್ದು ನೋಡುವುದಕ್ಕೆ ಯಾರೂ ಇರಲಿಲ್ಲ. ನಿಮಗೆ ಅತ್ತೆ ಇದ್ದರು." ಮತ್ತೆ ಹೇಳಿದರು. "ನಾನು ಹೆರಿಗೆ ಮಾಡಿಸಿ ಮನೆಗೆ ಕಳಿಸಿದೆ. ಆ ಮನೆಯಲ್ಲಿ ಯಾರಿದ್ದಾರೆ ಅಂತ ಕೇಳಲಿಲ್ಲ. ಮೂಗಿನದ್ದು ನನಗೆ ಗೊತ್ತಿರಲಿಲ್ಲ, ಅದು ಬಿಡಿ. ಇದನ್ನು ಕೇಳಬಹುದಿತ್ತು."

ನಾನು ಅವರ ಕಾಲಿನ ಮೇಲೆ ಕೈ ಇಟ್ಟು ಕೂತೆ. ಅವರು ನಿದ್ದೆ ಹೋದರು.

ಮಳೆಗಾಲ ಹಿಡಿದ ಮೇಲೆ ಒಂದು ಬೆಳಗ್ಗೆ ತೀರಿಕೊಂಡರು. ಇಗರ್ಜಿಯಲ್ಲಿ ನಮ್ಮ ಬೀದಿಯ ಅರ್ಧ ಜನ ಕೊಡೆ ಹಿಡಿದು ನಿಂತಿದ್ದರು. ಅವರಲ್ಲಿ ಹೆಚ್ಚಿನವರಿಗೆ ಅಲ್ಲಿ ಯಾವಾಗ ಏಳಬೇಕು, ಯಾವಾಗ ಕೂರಬೇಕು ಎಂದೂ ತಿಳಿಯುತ್ತಿರಲಿಲ್ಲ. ಬೆಂಗ್ರೆಯಿಂದ ಒಬ್ಬ ಗಂಡಸು ತನ್ನ ಮಗಳ ಕೈ ಹಿಡಿದುಕೊಂಡು ಬಂದಿದ್ದ. ನಾನು ಆ ಹುಡುಗಿಯ ಪಕ್ಕದಲ್ಲಿ ನಿಂತೆ.

ಆ ಮಳೆಗಾಲ ಮುಗಿಯುವ ಮೊದಲೇ ನಮ್ಮ ಬೀದಿಯ ತುದಿಯ ಬಾಡಿಗೆ ಮನೆಗೆ ಒಂದು ಸಂಸಾರ ಬಂತು. ಗಂಡನಿಗೆ ಹಡಗಿನಲ್ಲಿ ಕೆಲಸ. ಹೆಂಡತಿ ಹೆತ್ತು ಬಂದಾಗ ಅವನು ಊರಿನಲ್ಲಿರಲಿಲ್ಲ. ನನಗೆ ಅವರ ಪರಿಚಯವಿರಲಿಲ್ಲ. ಶಾಲೆಯಿಂದ ಬರುವಾಗ ದಿನಾ ಒಮ್ಮೆ ಹೊಕ್ಕು, ಮಗುವನ್ನು ನೋಡುವ ನೆಪ ಮಾಡಿ, ಅವಳ ಹಣೆ ಮುಟ್ಟಿ ಬರುತ್ತಿದ್ದೆ. ಅವಳಿಗೆ ಇದು ಕಿರಿಕಿರಿ ಎಂದು ಮುಖದಲ್ಲೇ ಕಾಣುತ್ತಿತ್ತು. ಒಂದು ಸಂಜೆ ಹಣೆ ಸುಡುತ್ತಿತ್ತು. ನಾಳೆ ನೋಡುವ ಎಂದಳು. ನಾನು ಮಗುವನ್ನು ಎತ್ತಿ ನನ್ನ ಮಗಳ ಕೈಗೆ ಕೊಟ್ಟು, ಬಾಣಂತಿಯನ್ನು ಬಾಡಿಗೆ ಕಾರಿನಲ್ಲಿ ಕೂರಿಸಿಕೊಂಡು ಫಳ್ನೀರಿಗೆ ಹೋದೆ.

ವಾರದ ಮೇಲೆ ಗುಣವಾಗಿ ಬಂದವಳು ನನ್ನನ್ನು ಕರೆಸಿ ಕೂರಿಸಿ ಕೇಳಿದಳು. "ನಿಮಗೆ ನಾನು ಯಾರು ಅಂತಲೇ ಗೊತ್ತಿಲ್ಲ. ದಿನಾ ಬಂದು ನೋಡಲಿಕ್ಕೆ ನಿಮಗೆ ಯಾರು ಹೇಳಿದ್ದು ಟೀಚರ್?"

ನಾನು ಅವಳಿಗೆ ಬಾಯಮ್ಮನ ಹೆಸರು ಹೇಳಿದೆ. ನಾವು ಯಾರೂ ಕರೆಯದೇ ಇದ್ದ ಅವರ ನಿಜವಾದ ಹೆಸರು.